ತಿಗಣೆ ಔಷಧಿಯೂ ನನ್ನ ಹನ್ನೊಂದು ಧ್ಯೇಯಗಳೂ

ಪ್ರತಿವರ್ಷ ಡಿಸೆಂಬರಿನ ಕೊನೆಯ ವಾರದಲ್ಲಿ ಚಿಕ್ಕಬಳ್ಳಾಪುರದ ನಮ್ಮ ಬಟ್ಟೆ ಅಂಗಡಿಯವರು ನನಗೊಂದು ಡೈರಿ ಕೊಡುತ್ತಾರೆ. ವರ್ಷಕ್ಕೆ ಎರಡು ಪಂಚೆ, ಒಂದು ಟವೆಲ್ಲು ಕೊಳ್ಳುವ ಗಿರಾಕಿಗೆ ಇದು ಯೋಗ್ಯತೆಗೆ ಮೀರಿದ ಗೌರವವೆಂಬುದು ಅವರಿಗೂ ಗೊತ್ತು, ನನಗೂ ಗೊತ್ತು. ಮೇಷ್ಟ್ರು ಎಂಬ ಹಳೆಯ ದಾಕ್ಷಿಣ್ಯ ಇಬ್ಬರ ಮಾನವನ್ನೂ ಕಾಪಾಡಿಕೊಂಡು ಬಂದಿದೆ. ಆ ಡೈರಿಯ ಮೊದಲ ಪುಟದಲ್ಲಿ ಮಾಲೀಕನ ವಿವರಗಳಿಗೆಂದು ಕೆಲವು ಗೆರೆಗಳಿವೆ. ಹೆಸರು, ವಿಳಾಸ, ರಕ್ತದ ಗುಂಪು, ಚಪ್ಪಲಿಯ ಅಳತೆ, ಆಮೇಲೆ ‘ಜೀವನದ ಧ್ಯೇಯ’, ಅದರ ಕೆಳಗೆ ಕನ್ನಡಕದ ನಂಬರು. ನಾಲ್ಕು ಪುರುಷಾರ್ಥಗಳನ್ನು ಕುರಿತು ಸಾವಿರಾರು ವರ್ಷ ತಲೆ ಕೆಡಿಸಿಕೊಂಡ ದೇಶದಲ್ಲಿ ಬದುಕಿನ ಗುರಿಗೆ ಚಪ್ಪಲಿಗೂ ಕನ್ನಡಕಕ್ಕೂ ನಡುವೆ ಒಂದೂವರೆ ಗೆರೆಯ ಜಾಗ ಸಿಕ್ಕಿದೆ. ಪಾದದಿಂದ ಕಣ್ಣಿನವರೆಗಿನ ದಾರಿಯಲ್ಲಿ ಅದು ಎಲ್ಲಾದರೂ ಇದ್ದೇ ಇರುತ್ತದೆಂಬುದು ಮುದ್ರಕರ ಅಂದಾಜಿರಬೇಕು.

ಉಳಿದದ್ದನ್ನೆಲ್ಲ ತುಂಬಿ ನಾನು ಆ ಒಂದೂವರೆ ಗೆರೆಯನ್ನು ಖಾಲಿ ಬಿಡುತ್ತೇನೆ. ಒಂದು ವರ್ಷ ಮಾತ್ರ ಅನ್ಯಮನಸ್ಕನಾಗಿ ಚಪ್ಪಲಿಯ ಅಳತೆಯನ್ನು ಒಂದು ಗೆರೆ ಕೆಳಗೆ ಬರೆದುಬಿಟ್ಟಿದ್ದೆ. ‘ಜೀವನದ ಧ್ಯೇಯ: ಎಂಟು’ ಎಂಬುದನ್ನು ಓದಿದ ನನ್ನ ಹೆಂಡತಿ, ಅದರಲ್ಲಿ ಎಷ್ಟು ಮುಗಿದಿವೆ ಎಂದು ವಿಚಾರಿಸಿದಳು.

ಇಷ್ಟರಿಂದಲೇ ನೀವು ನನ್ನನ್ನು ಗುರಿಗೇಡಿಯೆಂದು ತಿಳಿಯಬಾರದು. ನನಗೆ ಎಂಟಲ್ಲ, ಹನ್ನೊಂದು ಧ್ಯೇಯಗಳಿದ್ದ ಕಾಲವೂ ಒಂದಿತ್ತು. ಎಂಬತ್ತರ ದಶಕದ ಮಧ್ಯಭಾಗ. ನನಗೆ ಇಪ್ಪತ್ನಾಲ್ಕು ವರ್ಷ. ಗೌರಿಬಿದನೂರಿನ ನಮ್ಮ ಬೀದಿಯಲ್ಲಿ ಮಕ್ಕಳನ್ನು ಬೈಯಬೇಕಾದಾಗ ಹಿರಿಯರು, ದೇಶಕ್ಕೇ ಹೆಸರಾದ ಇಂಜಿನಿಯರು ಹುಟ್ಟಿದ ಮುದ್ದೇನಹಳ್ಳಿಯನ್ನು ಎಳೆದು ತರುತ್ತಿದ್ದರು. ಅಂಥ ಊರು ಇಷ್ಟು ಹತ್ತಿರವಿದ್ದೂ ನೀನು ಹೀಗಾದೆಯಲ್ಲ ಎಂಬುದು ಆ ಬೈಗುಳದ ಸಾರ. ಶ್ರೇಷ್ಠತೆಯೂ ನೆಗಡಿಯ ಹಾಗೆ ಹತ್ತಿರದವರಿಗೆ ಅಂಟಬೇಕೆಂದು ಅವರ ನಂಬಿಕೆಯಿತ್ತೋ ಏನೋ. ಅಂತೂ ಕೇಳಿ ಕೇಳಿ, ಮಹಾಪುರುಷನಾಗದಿದ್ದರೂ ಮಹಾಪುರುಷರ ದಿನಚರಿಯನ್ನಾದರೂ ಸಂಪಾದಿಸಿಕೊಳ್ಳಬೇಕೆಂಬ ಹಟ ನನ್ನಲ್ಲಿ ಬೇರೂರಿತು. ಮೇಷ್ಟರ ಕೆಲಸ ಸಿಕ್ಕಿದ ವಾರವೇ ಒಂದು ಡ್ರಾಯಿಂಗ್ ಹಾಳೆ ತಂದು, ನನ್ನ ಜೀವನದರ್ಶನವನ್ನು ದುಂಡಗಿನ ಅಕ್ಷರಗಳಲ್ಲಿ ಬರೆದೆ. ಮೊದಲನೆಯದು, ಕೆಂಪು ಮಸಿಯಲ್ಲಿ: ‘ಸತ್ಯವನ್ನೇ ನುಡಿಯುವೆ.’ ಎರಡನೆಯದು: ‘ಬೆಳಿಗ್ಗೆ ಐದು ಗಂಟೆಗೆ ಏಳುವೆ.’ ಮೂರನೆಯದು ಶುಚಿತ್ವಕ್ಕೆ, ನಾಲ್ಕನೆಯದು ದುಶ್ಚಟಗಳ ವರ್ಜನೆಗೆ ಸಂಬಂಧಿಸಿದ್ದು. ಹೀಗೆ ಹತ್ತಾದವು. ಬರೆದು ಮುಗಿಸಿದ ಮೇಲೆ ನನ್ನ ಸ್ವಭಾವವನ್ನು ಬಲ್ಲ ನನಗೆ ಸಣ್ಣ ಅನುಮಾನ ಬಂದು, ‘ಮೇಲಿನ ಹತ್ತನ್ನೂ ತಪ್ಪದೆ ಪಾಲಿಸುವೆ’ ಎಂಬ ಹನ್ನೊಂದನೆಯದನ್ನೂ ಸೇರಿಸಿದೆ.

ನನಗೆ ಕೆಲಸವಾದದ್ದು ಚಿಂತಾಮಣಿ ತಾಲ್ಲೂಕಿನಲ್ಲಿ, ಕೆಂಚಾರ್ಲಹಳ್ಳಿಯ ಕಡೆಯ ಒಂದು ಸಣ್ಣ ಊರಿನಲ್ಲಿ. ಅಲ್ಲಿ ನಾರಾಯಣಮ್ಮ ಎಂಬವರ ಹೆಂಚಿನ ಮನೆಯ ಮುಂದಿನ ಕೋಣೆಯನ್ನು ಬಾಡಿಗೆಗೆ ಹಿಡಿದೆ. ಗಂಡ ತೀರಿಕೊಂಡ ಮೇಲೆ ತೋಟ, ರೇಷ್ಮೆಹುಳು, ಮಗ ಈ ಮೂರನ್ನೂ ಒಂದೇ ಗದರಿಕೆಯಲ್ಲಿ ನಡೆಸಿಕೊಂಡು ಬಂದಿದ್ದ ಹೆಂಗಸು ಆಕೆ. ಸಮಾಧಾನದಲ್ಲಿದ್ದಾಗ ಕನ್ನಡ ಮಾತಾಡುತ್ತಿದ್ದರು, ಸಿಟ್ಟು ಬಂದರೆ ತೆಲುಗಿಗೆ ಹೊರಳುತ್ತಿದ್ದರು; ಆದ್ದರಿಂದ ಒಳಗಿನ ಹವಾಮಾನ ನನಗೆ ಕೋಣೆಯಲ್ಲಿ ಕುಳಿತೇ ತಿಳಿಯುತ್ತಿತ್ತು. ನನ್ನ ಕೋಣೆಯ ಪಕ್ಕದ್ದೇ ಹುಳು ಮೇಯಿಸುವ ಕೋಣೆ. ನಡುವಿನ ಗೋಡೆ ಹೆಂಚಿನವರೆಗೆ ಹೋಗದೆ, ಆಳೆತ್ತರಕ್ಕೆ ನಿಂತುಬಿಟ್ಟಿತ್ತು. ಅದರಾಚೆ ಬಿದಿರಿನ ತಟ್ಟೆಗಳಲ್ಲಿ ಸಾವಿರಾರು ಹುಳುಗಳು ಹಿಪ್ಪುನೇರಳೆ ಸೊಪ್ಪು ಮೇಯುವ ಸದ್ದು ಹೆಂಚಿನ ಮೇಲೆ ಹನಿ ಬಿದ್ದ ಹಾಗೆ ಸದಾ ಕೇಳಿಸುತ್ತಿತ್ತು. ಆ ಸದ್ದಿಗೆ ನನಗೆ ಎಂಥ ನಿದ್ದೆ ಬರುತ್ತಿತ್ತೆಂದರೆ, ಎರಡನೆಯ ಧ್ಯೇಯವನ್ನು ಮೊದಲ ವಾರದಲ್ಲೇ ಏಳು ಗಂಟೆಗೆ ಸಡಿಲಿಸಿಕೊಳ್ಳಬೇಕಾಯಿತು.

ಕೋಣೆ ಕೊಡುವಾಗಲೇ ನಾರಾಯಣಮ್ಮ ಷರತ್ತು ಹಾಕಿದ್ದರು.

“ನೋಡಿ ಮೇಷ್ಟ್ರೇ, ಬೀಡಿ ಸೇದಂಗಿಲ್ಲ, ಊದ್ಬತ್ತಿ ಹಚ್ಚಂಗಿಲ್ಲ, ಸೊಳ್ಳೆ ಬತ್ತಿ ಅಂತೂ ಕೂಡ್ದೇ ಕೂಡ್ದು. ಹುಳ ಅಂದ್ರೆ ಬಾಣಂತಿ ಮನೆ ಇದ್ದಂಗೆ. ಘಾಟು ತಡ್ಯಲ್ಲ.”

ನನ್ನ ಹಾಳೆಯನ್ನು ಯಾವ ಗೋಡೆಗೆ ಅಂಟಿಸಿದರೆ ಬೆಳಕು ಚೆನ್ನಾಗಿ ಬೀಳುತ್ತದೆಂದು ಯೋಚಿಸುತ್ತಿದ್ದ ನಾನು, ನಾಲ್ಕನೆಯ ಧ್ಯೇಯದ ಬಲದಿಂದ ಗಂಭೀರವಾಗಿ ತಲೆಯಾಡಿಸಿದೆ. ಚಟಗಳಿಲ್ಲದವನಿಗೆ ಷರತ್ತುಗಳ ಭಯವೆಲ್ಲಿ!

ನನ್ನ ಅಧಃಪತನಕ್ಕೆ ಕಾರಣವಾದದ್ದು ಚಟವಲ್ಲ, ಸದ್ಗುಣ. ಆ ಕೋಣೆಯ ಮರದ ಮಂಚದಲ್ಲಿ ನನಗಿಂತ ಹಿರಿಯ ಬಾಡಿಗೆದಾರರಾಗಿ ತಿಗಣೆಗಳಿದ್ದವು. ಮೂರನೆಯ ಧ್ಯೇಯ ಗೋಡೆಯ ಮೇಲಿಂದ ದಿನವೂ ನನ್ನನ್ನು ಕೆಣಕುತ್ತಿತ್ತು. ಕೊನೆಗೊಂದು ದಿನ ಚಿಂತಾಮಣಿ ಪೇಟೆಯಿಂದ ಒಂದು ಸೀಸೆ ತಿಗಣೆ ಔಷಧಿ, ಒಂದು ಕೈಪಂಪು ತಂದೆ. ಶನಿವಾರ ಬೆಳಿಗ್ಗೆ ಶಾಲೆಗೆ ಹೊರಡುವ ಮೊದಲು ಮೂಗಿಗೆ ಟವೆಲ್ಲು ಕಟ್ಟಿಕೊಂಡು ಮಂಚದ ಸಂದುಗೊಂದುಗಳಿಗೆಲ್ಲ ಹೊಡೆದೆ. ಶತ್ರು ಗೋಡೆ ಹತ್ತಿ ಪಾರಾಗಬಾರದೆಂದು ಗೋಡೆಗೂ ಹೊಡೆದೆ. ಬಾಗಿಲು ಮುಚ್ಚಿ, ಕಿಟಕಿಯನ್ನೂ ಭದ್ರವಾಗಿ ಮುಚ್ಚಿ, ವಾಸನೆ ಹೊರಗೆ ಹೋಗದಂತೆ ಮಾಡಿದ ನನ್ನ ಜಾಣತನವನ್ನು ನಾನೇ ಮೆಚ್ಚಿಕೊಂಡು ಹೊರಟೆ. ಹೊರಗೆ ಹೋಗದ ವಾಸನೆಗೆ ಅರ್ಧ ಗೋಡೆಯ ಮೇಲೆ ರಾಜಮಾರ್ಗವೇ ಇತ್ತು.

ಮಧ್ಯಾಹ್ನ ಮರಳಿ ಬಂದಾಗ ಆ ಹನಿ ಬೀಳುವ ಸದ್ದು ನಿಂತಿತ್ತು. ನಾಲ್ಕನೆಯ ಜ್ವರ ಕಳೆದು, ಇನ್ನೆರಡು ದಿನಗಳಲ್ಲಿ ಹಣ್ಣಾಗಿ ಗೂಡು ಕಟ್ಟಬೇಕಾಗಿದ್ದ ಹುಳುಗಳು ಅವು. ಜ್ವರವೆಂದರೆ ರೋಗವಲ್ಲ, ಹುಳು ಮೇವು ಬಿಟ್ಟು, ಪೊರೆ ಕಳಚಿ ಮತ್ತೆ ಏಳುವ ಅವಧಿಗೆ ನಮ್ಮ ಕಡೆಯ ಹೆಸರು. ಅಂಥ ನಾಲ್ಕು ಜ್ವರ ಗೆದ್ದ ಹುಳುಗಳು ತಲೆಯೆತ್ತಿ ಅತ್ತಿತ್ತ ಆಡಿಸುತ್ತ, ಹಸಿರು ಕಕ್ಕಿ, ಮುದುಡಿ ಬೀಳುತ್ತಿದ್ದವು. ನಾರಾಯಣಮ್ಮ ತಟ್ಟೆಗಳ ಮುಂದೆ ಕುಳಿತು “ಅಂತಾ ನಾ ಕರ್ಮ”, ಎಲ್ಲ ನನ್ನ ಕರ್ಮ, ಎಂದು ತೆಲುಗಿನಲ್ಲಿ ಗೊಣಗುತ್ತಿದ್ದರು. ಬಾಗಿಲಲ್ಲಿ ನಿಂತಿದ್ದ ನನಗೆ ವಿಷಯ ತಕ್ಷಣ ತಿಳಿಯಿತು. ಕೋಣೆಗೆ ಹೋದೆ. ಮಾಡಿದ ಮೊದಲ ಕೆಲಸವೆಂದರೆ, ಕೈಪಂಪನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ಮಂಚದ ಕೆಳಗೆ ಇಟ್ಟದ್ದು. ನನ್ನ ತಲೆಯ ಮೇಲೆ ಕೆಂಪು ಮಸಿಯ ಸತ್ಯ ನಿರ್ವಿಕಾರವಾಗಿ ಅಂಟಿಕೊಂಡಿತ್ತು.

ಸಂಜೆಯ ಹೊತ್ತಿಗೆ ಅಪರಾಧಿ ಸಿಕ್ಕಿದ್ದಳು. ಆ ಮನೆಗೆ ಸೊಸೆಯಾಗಿ ಬಂದು ಮೂರು ತಿಂಗಳಾಗಿದ್ದ ರತ್ನ. ವಿದುರಾಶ್ವತ್ಥದ ಕಡೆಯ ಹುಡುಗಿ. ಎಸ್ಸೆಸ್ಸೆಲ್ಸಿ ಪಾಸು ಮಾಡಿದ್ದಳು. ತವರಿನಲ್ಲಿ ಹುಳು ಸಾಕುವ ರೂಢಿಯಿರಲಿಲ್ಲ. ಅವಳ ಟ್ರಂಕಿನಲ್ಲಿ ಒಂದು ಪೌಡರ್ ಡಬ್ಬಿಯಿತ್ತು. ಮುಖಕ್ಕೆ ಪೌಡರ್ ಬಳಿದುಕೊಂಡೇ ಹುಳದ ಮನೆಗೆ ಹೋಗಿರಬೇಕು, ಆ ಘಾಟಿಗೇ ಹುಳು ಸತ್ತಿವೆ ಎಂದು ತೀರ್ಮಾನವಾಯಿತು. ಹಾಗೆ ಹೋಗಿಲ್ಲವೆಂದು ಅವಳು ಒಂದು ಸಲ ಹೇಳಿದಳು, ಆಮೇಲೆ ಸುಮ್ಮನಾದಳು. ಅವಳ ಗಂಡ ತಾಯಿಗೆ ಎದುರಾಡಲಾರದೆ ನೀರು ಕಟ್ಟುವ ನೆಪದಲ್ಲಿ ತೋಟಕ್ಕೆ ಹೋದ. ಹುಳಕ್ಕೆ ಆಗಿಬರದ ಸೊಸೆ ತವರಿನಲ್ಲೇ ಇರಲಿ, ಮುಂದಿನದು ಆಮೇಲೆ ನೋಡಿಕೊಂಡರಾಯಿತು ಎಂದು ಅವಳ ಅಣ್ಣನಿಗೆ ಹೇಳಿಕಳುಹಿಸಿದರು. ಸೋಮವಾರ ಬೆಳಿಗ್ಗೆಯ ಬಸ್ಸಿಗೆ ಬಂದು ಅವನು ಕರೆದುಕೊಂಡು ಹೋಗಬೇಕು. ಹಳ್ಳಿಯಲ್ಲಿ ಹಾಗೆ ಹೋದವಳು ಯಾವ ಹೆಸರು ಹೊತ್ತು ಹೋಗುತ್ತಾಳೆ, ಮರಳಿ ಬರುತ್ತಾಳೋ ಇಲ್ಲವೋ, ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಓದುಗ ಮಹಾಶಯರೇ, ಧ್ಯೇಯವುಳ್ಳ ಮನುಷ್ಯ ಸುಳ್ಳು ಹೇಳುವುದಿಲ್ಲ, ಸುಮ್ಮನಿರುತ್ತಾನೆ. ಭಾನುವಾರವಿಡೀ ನಾನು ಸುಮ್ಮನಿದ್ದೆ. ಅಷ್ಟೇ ಆಗಿದ್ದರೆ ಹೇಡಿತನವೆಂದು ಬಿಟ್ಟುಬಿಡಬಹುದಿತ್ತು. ನಾನು ಅದಕ್ಕೆ ತತ್ತ್ವದ ಕಟ್ಟಡವನ್ನೇ ಎಬ್ಬಿಸಿದೆ. ಸತ್ಯವನ್ನೇ ನುಡಿಯುವೆ ಎಂದರೆ, ನುಡಿದಾಗ ಸತ್ಯವನ್ನು ನುಡಿಯುವೆ ಎಂದರ್ಥವೇ ಹೊರತು ನುಡಿದೇ ತೀರುವೆ ಎಂದಲ್ಲ. ಅಪ್ರಿಯವಾದ ಸತ್ಯವನ್ನು ಹೇಳಬಾರದೆಂದು ಹಿರಿಯರೂ ಅಪ್ಪಣೆ ಕೊಡಿಸಿದ್ದಾರೆ. ಅಲ್ಲದೆ ಪಂಪಿನ ಗಾಳಿಯಿಂದಲೇ ಹುಳು ಸತ್ತವೆಂಬುದಕ್ಕೆ ಪ್ರಮಾಣವೇನು? ಹೀಗೆ ತರ್ಕಶಾಸ್ತ್ರ ಇಡೀ ದಿನ ನನ್ನ ಸೇವೆಗೆ ಟೊಂಕ ಕಟ್ಟಿ ನಿಂತಿತ್ತು. ಗೋಡೆಯಾಚೆ ಸತ್ತ ಹುಳುಗಳನ್ನು ಮಂಕರಿಗೆ ತುಂಬಿ ಹಿತ್ತಲ ಗುಂಡಿಗೆ ಹಾಕುತ್ತಿದ್ದರು. ಮಂಕರಿ ಹೊರುತ್ತಿದ್ದವಳು ರತ್ನ. ಪ್ರತಿ ಮಂಕರಿಗೂ ಅತ್ತೆಯ ಒಂದು ಮಾತು ಅವಳ ಬೆನ್ನಿಗೆ ಬೀಳುತ್ತಿತ್ತು. ಅದು ನನಗೆ ಪೂರ್ತಿ ಕೇಳಿಸುತ್ತಿತ್ತು. ಗೋಡೆ ಅರ್ಧವೇ ತಾನೆ. ಅಷ್ಟೆಲ್ಲ ಆಗಿಯೂ ಸಂಜೆ ಮಂಚದಲ್ಲಿ ತಿಗಣೆಗಳು ಮತ್ತೆ ಕಾಣಿಸಿಕೊಂಡವು.

ಸೋಮವಾರ ಬೆಳಿಗ್ಗೆ ಅಣ್ಣ ಬಂದು ಜಗಲಿಯ ತುದಿಯಲ್ಲಿ ಕುಳಿತ. ರತ್ನ ಬಟ್ಟೆಯ ಗಂಟು ಹಿಡಿದು ಹೊರಬಂದಳು. ಗಂಟಿನ ಮೇಲೆ ಆ ಪೌಡರ್ ಡಬ್ಬಿಯಿತ್ತು. ಅದನ್ನು ಒಳಗಿಡದೆ ಎಲ್ಲರಿಗೂ ಕಾಣುವಂತೆ ಯಾಕೆ ಹಿಡಿದಿದ್ದಳೋ ತಿಳಿಯದು. ಹೋಗುವ ಮುನ್ನ ಅವಳು ನನ್ನ ಕೋಣೆಯ ಬಾಗಿಲಿನ ಕಡೆ ಒಮ್ಮೆ ನೋಡಿದಳು. ನನಗೆ ನಾಚಿಕೆಯಾಯಿತು. ಬೇರೆ ಪದ ಹುಡುಕಲಾರೆ, ಬರೀ ನಾಚಿಕೆ. ಆ ನಾಚಿಕೆಯೇ ನನ್ನನ್ನು ಎಬ್ಬಿಸಿ ಹೊರಗೆ ನೂಕಿತು, ಹನ್ನೊಂದು ಧ್ಯೇಯಗಳಲ್ಲಿ ಯಾವುದೂ ಅಲ್ಲ.

“ಅಮ್ಮ, ರತ್ನಂದು ತಪ್ಪಿಲ್ಲ. ಶನಿವಾರ ನನ್ನ ರೂಮಿಗೆ ತಿಗಣೆ ಔಷಧಿ ಹೊಡ್ದೆ. ಅದರ ಘಾಟು ಆ ಕಡೆ ಹೋಗಿದೆ” ಎಂದೆ.

ನಾರಾಯಣಮ್ಮ ತೆಲುಗಿಗೆ ಹೊರಳುತ್ತಾರೆಂದು ಕಾದೆ. ಅವರು ಹೊರಳಲಿಲ್ಲ.

“ಶನಿವಾರ ಹೊಡ್ದೋರು ಸೋಮವಾರ ಹೇಳ್ತಾ ಇದೀರಲ್ಲ ಮೇಷ್ಟ್ರೇ” ಎಂದರು. ಜಗಲಿಯ ಮೇಲೆ ಕುಳಿತು, “ಹುಳ ಹೋದ್ರೆ ಇನ್ನೊಂದು ಬೆಳೆ ಬರ್ತದೆ. ಎರಡು ದಿನ ಆ ಮಗೂನ ನನ್ನ ಬಾಯಲ್ಲಿ ಬಯ್ಸಿದ್ರಲ್ಲ ನೀವು. ಅದನ್ನ ಎಲ್ಲಿಂದ ತರ್ತೀರಪ್ಪ?” ಎಂದರು.

ಅವರು ಸೊಸೆಯ ಕಡೆ ತಿರುಗಿ, “ಗಂಟು ಒಳಗಿಡು ರತ್ನಮ್ಮ. ಅಣ್ಣನಿಗೆ ತಿಂಡಿ ಮಾಡು” ಎಂದು ಎದ್ದುಹೋದರು. ಅತ್ತೆಯಾದವಳು ಸೊಸೆಯ ಕ್ಷಮೆ ಕೇಳುವ ಪದ್ಧತಿ ಅಲ್ಲಿರಲಿಲ್ಲ. ಆದರೆ ಆ ವಾರದ ಸಂತೆಯಿಂದ ಬಂದ ಕನಕಾಂಬರದ ದಂಡೆ ಯಾರ ಮುಡಿಗೆ ಹೋಯಿತೆಂಬುದನ್ನು ನಾನು ಕಂಡೆ.

ನಷ್ಟ ತುಂಬಿಕೊಡಲು ಹೋದಾಗ ನಾರಾಯಣಮ್ಮ ಒಪ್ಪಲಿಲ್ಲ. “ಮುಂದಿನ ಬೆಳೆಗೆ ಸೊಪ್ಪು ಹೊರಿ” ಎಂದರು. ಹಾಗಾಗಿ ಮುಂದಿನ ಹುಳು ಬಂದಾಗ, ಬಿಸಿಲೇರುವ ಮುನ್ನ ಸೊಪ್ಪು ಕಿತ್ತು ತರಲು ನಾನು ಪ್ರತಿದಿನ ಬೆಳಿಗ್ಗೆ ಐದು ಗಂಟೆಗೆ ಎದ್ದೆ. ಆ ಬೆಳೆ ಮುಗಿಯುವವರೆಗೆ ಒಂದು ದಿನವೂ ತಪ್ಪಲಿಲ್ಲ. ಬರೆದು ಅಂಟಿಸಿಕೊಂಡಾಗ ಆಗದೆ ಇದ್ದದ್ದು, ಹೊಸಲಿನಲ್ಲಿ ನಾರಾಯಣಮ್ಮ ಕೆಮ್ಮಿದರೆ ಆಗುತ್ತಿತ್ತು.

ಒಂದು ಬೆಳಿಗ್ಗೆ ಹೊರೆ ಇಳಿಸುತ್ತಿದ್ದಾಗ, ಸೊಪ್ಪಿಗೆ ನೀರು ಚಿಮುಕಿಸುತ್ತಿದ್ದ ರತ್ನ ತಲೆಯೆತ್ತದೆಯೇ ಹೇಳಿದಳು:

“ಔಷಧಿ ವಾಸನೆ ನಂಗೆ ಶನಿವಾರಾನೇ ಬಂದಿತ್ತು ಸಾರ್. ಅತ್ತೆ ತೋಟದಿಂದ ಬರೋ ಹೊತ್ಗೆ ಘಾಟು ಆರೋಗಿತ್ತು. ನಾನು ಹೇಳಿದ್ರೆ ತನ್ ತಪ್ಪು ಮೇಷ್ಟ್ರ ಮೇಲೆ ಹಾಕ್ತಾಳೆ ಅಂತಿದ್ರು. ನೀವೇ ಹೇಳ್ತೀರ ಅಂತ ಸುಮ್ನಿದ್ದೆ. ದಿನಾ ನಿಮ್ ರೂಮು ಗುಡಿಸೋವಾಗ ಓದ್ತಿದ್ದೆನಲ್ಲ, ಕೆಂಪಕ್ಷರದಲ್ಲಿ ಬರ್ಕೊಂಡಿದೀರ.”

ನಾನು ಖಾಲಿ ಗೋಣಿಚೀಲವನ್ನು ಮಡಿಸುತ್ತ ನಿಂತೆ. ನನ್ನ ಹಾಳೆಯನ್ನು ನಾನೊಬ್ಬನೇ ಓದುತ್ತಿದ್ದೇನೆಂದು ತಿಳಿದಿದ್ದೆ. ನಿಜ ಹೇಳಬೇಕೆಂದರೆ ನಾನು ಓದುವುದನ್ನು ಬಿಟ್ಟು ಬಹಳ ದಿನವಾಗಿತ್ತು. ಅದನ್ನು ನಂಬಿ, ಎರಡು ದಿನ ಬೈಗುಳ ತಿನ್ನುತ್ತ, ಗಂಟು ಕಟ್ಟಿಕೊಂಡು ಬಾಗಿಲಿಗೆ ಬರುವವರೆಗೂ ಒಬ್ಬಳು ಕಾದಿದ್ದಳು. ಧ್ಯೇಯವೆಂದರೆ ನಾನು ನನಗೆ ಕೊಟ್ಟುಕೊಂಡ ಮಾತು, ಮುರಿದರೆ ನನಗೇ ನಷ್ಟ ಎಂದುಕೊಂಡಿದ್ದವನಿಗೆ, ಅದರ ಬೆಲೆಯನ್ನು ಗೋಡೆಯಾಚೆಯವರು ತೆರುತ್ತಾರೆಂಬುದು ಅಂದು ತಿಳಿಯಿತು. ಶೀಲವೆಂಬ ದೊಡ್ಡ ಮಾತಿನ ಬಗ್ಗೆ ನನಗೆ ಆಮೇಲೂ ಹೆಚ್ಚೇನೂ ತಿಳಿದಿಲ್ಲ. ಯಾರೋ ನಮ್ಮನ್ನು ನಂಬಿ ಕಾಯುತ್ತಿದ್ದಾರೆಂಬ ಎಚ್ಚರಕ್ಕೇ ಆ ಹೆಸರಿರಬಹುದೇನೋ ಎಂದು ಒಮ್ಮೊಮ್ಮೆ ಅನ್ನಿಸುವುದುಂಟು.

ಅದೇ ದಿನ ಹಾಳೆಯನ್ನು ಕಿತ್ತೆ. ಹುಳುವಿನ ತಟ್ಟೆಗೆ ಹಾಸಲು ಕಾಗದ ಬೇಕಾಗಿದ್ದರಿಂದ ನಾರಾಯಣಮ್ಮನವರಿಗೆ ಕೊಡಹೋದೆ. “ಕೆಂಪು ಮಸಿ ಇದೆ ಅತ್ತೆ, ಹುಳಕ್ಕೆ ಆಗಲ್ಲ” ಎಂದು ರತ್ನ ತಡೆದಳು. ಕೊನೆಗೆ ಅದು ನನ್ನ ಕಿಟಕಿಯಲ್ಲಿ ಹಿಂದಿನ ವಾರ ಒಡೆದಿದ್ದ ಗಾಜಿನ ಜಾಗದಲ್ಲಿ, ಅಕ್ಷರಗಳು ಬೀದಿಗೆ ಕಾಣದಂತೆ ಒಳಮುಖವಾಗಿ ಕುಳಿತು, ನನಗೆ ವರ್ಗವಾಗುವವರೆಗೂ ಗಾಳಿಯನ್ನು ತಡೆಯಿತು.

ಇಷ್ಟು ವರ್ಷ ಡೈರಿಯ ಆ ಒಂದೂವರೆ ಗೆರೆಯನ್ನು ನಾನು ಖಾಲಿ ಬಿಟ್ಟದ್ದು ವೈರಾಗ್ಯದಿಂದಲ್ಲ, ಅಂಜಿಕೆಯಿಂದ. ಬರೆದರೆ ಯಾರಾದರೂ ಓದಿಯಾರು, ಓದಿ ನಂಬಿಯಾರು. ಈ ಸಲವೂ ಹೊಸ ಡೈರಿ ಬಂದಿದೆ. ಚಪ್ಪಲಿ ಎಂಟೇ, ಕನ್ನಡಕದ ನಂಬರು ಏರಿದೆ. ಬಹಳ ಹೊತ್ತು ಪೆನ್ನು ಹಿಡಿದು ಕುಳಿತವನು ಕೊನೆಗೆ ನಡುವಿನ ಗೆರೆಯನ್ನೂ ತುಂಬಿ, ಹೆಂಡತಿಯ ಕಣ್ಣಿಗೆ ಬೀಳುವಂತೆ ಮೇಜಿನ ಮೇಲೆ ತೆರೆದಿಟ್ಟಿದ್ದೇನೆ. ಜೀವನದ ಧ್ಯೇಯ: ಔಷಧಿ ಹೊಡೆಯುವ ಮುನ್ನ ಗೋಡೆಯಾಚೆ ಯಾರಿದ್ದಾರೆಂದು ಕೇಳುವುದು, ಹೊಡೆದುಬಿಟ್ಟಿದ್ದರೆ, ಶನಿವಾರವೇ ಹೇಳುವುದು.