ಕಲ್ಲಿಲ್ಲದೆ ಬೀಸಿದ ಹಾಡು

ನಮ್ಮ ದೊಡ್ಡವ್ವನ ಬಲ ಅಂಗೈಯಲ್ಲಿ, ಬೆರಳುಗಳ ಬುಡಕ್ಕೆ ಸರಿಯಾಗಿ, ಒಂದು ಜಡ್ಡು ಇತ್ತು. ಚಿಕ್ಕಂದಿನಲ್ಲಿ ಅವಳು ನನ್ನ ತಲೆಗೆ ಎಣ್ಣೆ ಹಚ್ಚುವಾಗ ಅದಕ್ಕೆ ಕೂದಲು ಸಿಕ್ಕಿಕೊಂಡು ನಾನು ಚೀರುತ್ತಿದ್ದೆ. ಬೀಸುವ ಕಲ್ಲಿನ ಗೂಟ ಹಿಡಿದು ಹಿಡಿದು ಆದ ಜಡ್ಡು ಅದು. ಗಿರಣಿ ಬಂದ ಮೇಲೆ ಶಹಾಪುರದ ನಮ್ಮ ಹಿತ್ತಲಲ್ಲಿ ಆ ಕಲ್ಲು ಬೋರಲು ಬಿದ್ದು, ಅದರ ಮೇಲೆ ನೀರಿನ ಹಂಡೆ ಕೂತಿತ್ತು. ಅಂಗೈ ಮಾತ್ರ ಗೂಟವನ್ನು ಬಿಟ್ಟಿರಲಿಲ್ಲ.

ದೊಡ್ಡವ್ವ ಎಂದರೆ ನನ್ನ ತಾಯಿಯ ಅಕ್ಕ. ಅಪ್ಪನ ಅಣ್ಣನ ಹೆಂಡತಿಯೂ ಹೌದು. ಕೆಂಭಾವಿ ಕಡೆಯ ಈ ಅಕ್ಕತಂಗಿಯರಿಬ್ಬರನ್ನೂ ಶಹಾಪುರದ ಒಂದೇ ಮನೆಯ ಅಣ್ಣತಮ್ಮಂದಿರಿಗೆ ಕೊಟ್ಟಿದ್ದರು. ಇಬ್ಬರೂ ಎದುರುಬದುರು ಕೂತು, ಒಂದೇ ಗೂಟಕ್ಕೆ ಕೈ ಹಾಕಿ, ಒಬ್ಬಳಾದ ಮೇಲೆ ಒಬ್ಬಳು ಹಾಡುತ್ತ ಜೋಳ ಬೀಸುತ್ತಿದ್ದರಂತೆ. ನನಗೆ ಮಾತು ಬರುವ ಮೊದಲೇ ಅವ್ವ ಜ್ವರದಲ್ಲಿ ತೀರಿಕೊಂಡಳು, ಹಾಗಾಗಿ ನನ್ನ ಪಾಲಿಗೆ ಎಲ್ಲವೂ 'ಅಂತೆ'. ಅವ್ವನ ಮುಖ ಮದುವೆಯ ಫೋಟೋದಲ್ಲಿತ್ತು, ದನಿ ಎಲ್ಲೂ ಇರಲಿಲ್ಲ.

ನನ್ನನ್ನು ಸಾಕಿದವಳು ದೊಡ್ಡವ್ವನೇ. ಅವ್ವ ಹಾಡುತ್ತಿದ್ದದ್ದನ್ನು ಹಾಡು ಎಂದು ನಾನು ಆಗಾಗ ಅವಳ ಸೆರಗು ಹಿಡಿದು ಜಗ್ಗುತ್ತಿದ್ದೆ. ಅವಳು ಬಾಯಿ ತೆರೆದು, ಸ್ವಲ್ಪ ಹೊತ್ತು ನೋಡಿ, ಮುಚ್ಚುತ್ತಿದ್ದಳು.

"ಕೈ ತಿರುಗಿದ್ರ ಬಾಯಿ ತಿರುಗತೈತವ್ವ. ಸುಮ್ಮ ಕುಂತು ಹಾಡಂದ್ರ ಎಲ್ಲಿಂದ ಬರಬೇಕು?"

ಒಮ್ಮೆ ನಾನು ಹಟ ಮಾಡಿ ಹಂಡೆ ಇಳಿಸಿ, ಕಲ್ಲು ತೊಳೆದು, ಅವಳ ಎದುರು ಕೂತೆ. ಅವಳು ಎಳೆದಾಗ ನಾನೂ ಎಳೆದೆ. ಮೇಲಿನ ಕಲ್ಲು ಎಗರಿ ನನ್ನ ಮೊಣಕಾಲಿಗೆ ಬಡಿಯಿತು. ಅಲ್ಲಿಗೆ ಆ ಪ್ರಯತ್ನ ಮುಗಿಯಿತು, ಹಂಡೆ ಮತ್ತೆ ತನ್ನ ಜಾಗಕ್ಕೆ ಹೋಯಿತು.

ಹಾಡದಿದ್ದರೇನು, ದೊಡ್ಡವ್ವ ಬಾಯಿ ಮುಚ್ಚಿ ಕೂರುವವಳಲ್ಲ. ಅವಳಷ್ಟು ಪ್ರಶ್ನೆ ಕೇಳುವ ಹೆಂಗಸನ್ನು ನಾನು ಕಂಡಿಲ್ಲ. ವಡಗೇರಾ ಬಸ್ಸಿನಲ್ಲಿ ಪಕ್ಕದವಳ ಗಂಟಿನಲ್ಲಿ ಏನಿದೆ, ಯಾರಿಗೆ ಒಯ್ಯುತ್ತಿದ್ದಾಳೆ, ಅವರು ಇವಳಿಗೆ ಏನಾಗಬೇಕು, ಎಲ್ಲ ವಿಚಾರಣೆ ಆಗಬೇಕು. ಗುರುಮಠಕಲ್ಲಿನ ಬಳೆಗಾರ್ತಿ ಬಂದರೆ ಬಳೆ ಇಟ್ಟುಕೊಳ್ಳುವುದಕ್ಕಿಂತ ಹೆಚ್ಚು ಹೊತ್ತು ತೆಲುಗಿನಲ್ಲಿ ಹೀರೆಕಾಯಿಗೆ ಏನಂತಾರೆ, ಬೀಗರಿಗೆ ಏನಂತಾರೆ ಎಂದು ಕೇಳುವುದರಲ್ಲಿ ಹೋಗುತ್ತಿತ್ತು. ನನಗೆ ನಾಚಿಕೆಯಾಗಿ ಸಾಕು ಸುಮ್ಮನಿರು ಎಂದರೆ, "ಕೇಳಿದ್ರ ಏನು ಗಂಟ ಹೋಗತೈತಿ?" ಎನ್ನುವಳು.

ಮುಂದೆ ನಾನು ನರ್ಸಿಂಗ್ ಓದಿ ಐರ್ಲೆಂಡಿನ ಗಾಲ್ವೇ ಎಂಬ ಊರಿನ ಆಸ್ಪತ್ರೆ ಸೇರಿದೆ. ಮದುವೆಯಾಗಿ, ಹೆರಿಗೆಯ ಹೊತ್ತಿಗೆ ಬಾಣಂತನ ಮಾಡಲು ದೊಡ್ಡವ್ವ ಬಂದಳು, ನನ್ನ ಜೊತೆ ಕೆಲಸ ಮಾಡುವ, ರಜೆ ಮುಗಿಸಿ ಮರಳುತ್ತಿದ್ದ ಕಲಬುರಗಿಯ ಗೆಳತಿಯ ಬೆನ್ನು ಹಿಡಿದು. ಅಂಟಿನುಂಡಿಯ ಡಬ್ಬಿ ಎದೆಗವಚಿಕೊಂಡು ವಿಮಾನ ನಿಲ್ದಾಣದಿಂದ ಹೊರಬಂದವಳ ಮೊದಲ ಮಾತು, ಇಲ್ಲಿಯವರಿಗೆ ಎಷ್ಟು ಹೊಲ ಇರ್ತಾವ ಎಂದು.

ಮಗಳಿಗೆ ಮೂರು ತಿಂಗಳು ತುಂಬಿದ ಮೇಲೆ ನನ್ನ ಗಂಡ ರಜೆಯ ದಿನಗಳಲ್ಲಿ ನಮ್ಮನ್ನೆಲ್ಲ ಕಾರಿನಲ್ಲಿ ಹಾಕಿಕೊಂಡು ದೇಶ ತಿರುಗಿಸತೊಡಗಿದ. ದೊಡ್ಡವ್ವ ಮುಂದಿನ ಸೀಟು ಯಾರಿಗೂ ಬಿಟ್ಟುಕೊಡಲಿಲ್ಲ. ಕ್ಲೇರ್ ಸೀಮೆಯ ಕಡಲಂಚಿನ ಕಡಿದಾದ ಬಂಡೆಗಳ ಮೇಲೆ ನಿಂತು, ನೀರು ಇಷ್ಟಿದ್ದೂ ಕುಡಿಯಲು ಬಾರದಲ್ಲ ಎಂದು ಮರುಗಿದಳು. ಹೊಲದ ಸುತ್ತ ಸುಣ್ಣಗಾರೆಯಿಲ್ಲದೆ ಒಟ್ಟಿದ ಕಲ್ಲಿನ ಗೋಡೆಗಳನ್ನು ಇಳಿದು ಹೋಗಿ ಅಲ್ಲಾಡಿಸಿ ನೋಡಿದಳು. ನಮ್ಮ ಶಹಾಪುರದಲ್ಲಿ ಗುಡ್ಡದ ಸಾಲೇ ಮಲಗಿದ ಬುದ್ಧನ ಹಾಗೆ ಕಾಣುತ್ತದಲ್ಲ, ಆ ಅಭ್ಯಾಸದಿಂದ ಅಲ್ಲಿಯ ಪ್ರತಿ ಗುಡ್ಡಕ್ಕೂ, "ಇಲ್ಲಿ ಯಾರು ಮಲಗ್ಯಾರ?" ಎಂದು ಕೇಳಿದಳು. ನನ್ನ ಗಂಡ ಒಂದೊಂದು ಗುಡ್ಡಕ್ಕೆ ಒಂದೊಂದು ಕತೆ ಕಟ್ಟಿ ಹೇಳುತ್ತಿದ್ದ. ಅವಳಿಗೆ ಸುಳ್ಳೆಂದು ಗೊತ್ತಿತ್ತು, ಆದರೂ ಕೇಳುತ್ತಿದ್ದಳು.

ಒಂದು ಭಾನುವಾರ ಮಧ್ಯಾಹ್ನ ಕನ್ನೆಮಾರ ಎಂಬ ಬರೀ ಬಂಡೆ ಮತ್ತು ಕೆರೆಗಳ ಸೀಮೆಯಲ್ಲಿದ್ದಾಗ ಮಳೆ ಹಿಡಿಯಿತು. ಮಗು ಹಸಿದು ಅಳುತ್ತಿತ್ತು. ದಾರಿಯಲ್ಲಿ ಬಾಗಿಲು ತೆರೆದಿದ್ದುದು ಒಂದು ಪಬ್ ಮಾತ್ರ. ಒಳಗೆ ಕಾಲಿಟ್ಟ ದೊಡ್ಡವ್ವ ಗೋಡೆಯ ಬಾಟಲಿಗಳ ಸಾಲು ಕಂಡು ಅಲ್ಲೇ ನಿಂತಳು.

"ಬಾಣಂತೀನ ಸಿಂದಿ ಅಂಗಡಿಗೆ ಕರ್ಕೊಂಡ ಬಂದೀಯೇನೋ ಅಳಿಯಾ?"

ಅಳಿಯ ಅವಳನ್ನು ಬೆಂಕಿಗೂಡಿನ ಹತ್ತಿರ ಕೂರಿಸಿ, ಹಾಲು ಹಾಕಿದ ಬಿಸಿ ಚಹಾ ತಂದಿಟ್ಟ. ಸಿಂದಿ ಅಂಗಡಿಯ ಮೇಲಿನ ಸಿಟ್ಟು ಅರ್ಧ ಕಪ್ಪಿಗೆ ಅರ್ಧ ಇಳಿಯಿತು. ಉಳಿದರ್ಧವನ್ನು ಇಳಿಸಿದ್ದು ಮೂಲೆಯ ಮೇಜಿನ ಸುತ್ತ ಕೂತಿದ್ದವರು. ಪಿಟೀಲು, ಮರದ ಕೊಳಲು, ಎರಡು ಕೈಯಲ್ಲಿ ಹಿಡಿದು ಹಿಂಡುವ ಸಣ್ಣ ಪೇಟಿ, ನಮ್ಮ ಹಲಗಿಯಂಥ ಒಂದು ಚರ್ಮದ ವಾದ್ಯ. ಯಾರೂ ಜನರ ಕಡೆ ಮುಖ ಮಾಡಿರಲಿಲ್ಲ, ಒಬ್ಬರನ್ನೊಬ್ಬರು ನೋಡುತ್ತ ನುಡಿಸುತ್ತಿದ್ದರು. ಒಂದೇ ಮಟ್ಟು ಸುತ್ತಿ ಸುತ್ತಿ ಅಲ್ಲಿಗೇ ಬರುತ್ತಿತ್ತು, ಬಂದಾಗಲೊಮ್ಮೆ ಇನ್ನಷ್ಟು ಬಿರುಸಾಗುತ್ತಿತ್ತು. ಇವರಿಗೆ ನಿಲ್ಲಿಸಿ ಅಂತ ಯಾರು ಹೇಳ್ತಾರೆ ಎಂದು ದೊಡ್ಡವ್ವ ಕೇಳಿದಳು. ಕೇಳುತ್ತಲೇ ಅವಳ ಕಾಲ ಹೆಬ್ಬೆರಳು ಚಪ್ಪಲಿಯೊಳಗೆ ಕುಣಿಯುತ್ತಿತ್ತು. ನಮ್ಮ ಓಣಿಯ ಭಜನೆಯವರೂ ಹೀಗೇ ಗೋಲಾಗಿ ಕೂರುತ್ತಾರೆ, ಆದರೆ ಇವರ ಮಧ್ಯೆ ದೇವರ ಫೋಟೋ ಇಲ್ಲ ಎಂಬುದನ್ನೂ ಗಮನಿಸಿದಳು.

ಆಮೇಲೆ ಎಲ್ಲ ವಾದ್ಯಗಳೂ ನಿಂತವು. ಬೆಂಚಿನ ತುದಿಯಲ್ಲಿದ್ದ ಟೋಪಿಯ ಮುದುಕನೊಬ್ಬ ಕಣ್ಣು ಮುಚ್ಚಿ, ಯಾವ ವಾದ್ಯವೂ ಇಲ್ಲದೆ, ಹಾಡತೊಡಗಿದ.

"ಇದು ಇಂಗ್ಲೀಷೇನು?" ಎಂದು ದೊಡ್ಡವ್ವ ನನ್ನ ಕಿವಿಯಲ್ಲಿ ಕೇಳಿದಳು. ಅಲ್ಲ, ಅದಕ್ಕೂ ಮೊದಲಿನ ಅವರದೇ ಭಾಷೆ, ನನಗೂ ತಿಳಿಯುವುದಿಲ್ಲ ಎಂದೆ. "ಹಂಗಾರ ನಾವಿಬ್ಬರೂ ಈಗ ಸಮ ಆದ್ವಿ" ಎಂದು ಅವಳು ಸಮಾಧಾನದಿಂದ ಕೂತಳು.

ಹಾಡು ಮುಂದುವರಿದಂತೆ ಪಕ್ಕದಲ್ಲಿದ್ದ ಹೆಂಗಸು ಮುದುಕನ ಕೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡು ಮೆಲ್ಲಗೆ ತಿರುಗಿಸತೊಡಗಿದಳು. ಇಬ್ಬರ ಕೈಯೂ ಕೂಡಿ, ಮೊಣಕಾಲಿನ ಮೇಲೆ, ಗುಂಡಗೆ, ಹಾಡಿನ ಜೊತೆ ಜೊತೆಗೇ ಸುತ್ತುತ್ತಿದ್ದವು. ದೊಡ್ಡವ್ವ ಚಹಾದ ಕಪ್ಪು ಕೆಳಗಿಟ್ಟಳು.

"ಬೀಸಾಕತ್ತಾರ" ಎಂದಳು. "ನೋಡಲ್ಲಿ, ಖರೇನ ಬೀಸಾಕತ್ತಾರ. ಕಲ್ಲೆಲ್ಲೈತಿ?"

ಹಾಡು ಮುಗಿದ ಮೇಲೆ ಅವಳು ನನ್ನನ್ನು ಬಿಡಲಿಲ್ಲ. ಮಗುವನ್ನೆತ್ತಿಕೊಂಡು ಇಬ್ಬರೂ ಅವರ ಮೇಜಿಗೇ ಹೋಗಿ ಕೂತು ಕೇಳಬೇಕಾಯಿತು. ಹಾಡುವವರ ಕೈ ಹಿಡಿದು ಸುತ್ತುವುದು ಈ ಕಡೆಯ ಹಳೆಯ ರೂಢಿ, ಯಾಕೆ ಎಂದು ತಾವ್ಯಾರೂ ಕೇಳಿಕೊಂಡಿಲ್ಲ ಎಂದು ಅವರು ನಕ್ಕರು. ದೊಡ್ಡವ್ವನಿಗೆ ಅದು ಉತ್ತರ ಅನ್ನಿಸಲಿಲ್ಲ. ಇವರ ಅವ್ವಂದಿರು ಬೀಸುತ್ತಿದ್ದರೋ ಇಲ್ಲವೋ ಕೇಳು ಎಂದಳು. ಕೇಳಿದೆ. ಮುದುಕ ಟೋಪಿ ತೆಗೆದು ತಲೆ ಕೆರೆದುಕೊಂಡು, ತನ್ನ ಅಜ್ಜಿಯ ಮನೆಯಲ್ಲಿ ಬೀಸುವ ಕಲ್ಲೊಂದು ಇತ್ತು, ಈಗ ಅದರ ಮೇಲೆ ಹೂವಿನ ಕುಂಡ ಇಟ್ಟಿದ್ದೇವೆ ಎಂದ. ನಾನು ಅದನ್ನು ಹೇಳಿದ್ದೇ ತಡ, ದೊಡ್ಡವ್ವ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ನಮ್ಮದರ ಮೇಲೆ ಹಂಡೆ ಕೂತಿದೆ ಅಂತ ಅವನಿಗೆ ಹೇಳು ಎಂದಳು.

ಆಗ ಮುದುಕ ತನ್ನ ಕೈ ಮುಂದೆ ಚಾಚಿದ. ಈಗ ನಿಮ್ಮ ಸರದಿ ಎಂಬ ಹಾಗೆ.

ಪರಗಂಡಸಿನ ಕೈ. ದೊಡ್ಡವ್ವ ತಲೆಯ ಮೇಲಿನ ಸೆರಗನ್ನು ಸರಿ ಮಾಡಿಕೊಂಡು ಆ ಕೈಯನ್ನು ನೋಡಿದಳು, ನನ್ನನ್ನು ನೋಡಿದಳು. ಕಡೆಗೆ ಸೆರಗಿನ ತುದಿಯನ್ನು ಅಂಗೈಗೆ ಸುತ್ತಿಕೊಂಡು ಅವನ ಕೈ ಹಿಡಿದಳು.

"ಗೂಟ ಅನ್ಕೋತೀನಿ" ಎಂದಳು.

ಅವನು ತಿರುಗಿಸಿದ. ಇಷ್ಟು ಜೋರಾಗಿ ಬೇಡ, ಹಿಟ್ಟಿನ ಬದಲು ನುಚ್ಚು ಬೀಳುತ್ತದೆ ಎಂದು ಅವಳು ಗದರಿದ್ದನ್ನು ನಾನು ಇಂಗ್ಲಿಷಿಗೆ ತಿರುಗಿಸಿದೆ. ಅವನು ನಿಧಾನಿಸಿದ. ಕೆಲವು ಸುತ್ತು ಆದವು. ಮಗಳು ನನ್ನ ತೊಡೆಯ ಮೇಲೆ ನಿದ್ದೆ ಹೋಗಿದ್ದಳು. ಆಮೇಲೆ, ನಾನು ಹುಟ್ಟಿದಾಗಿನಿಂದ ಕೇಳಿರದ ದನಿಯೊಂದು ದೊಡ್ಡವ್ವನ ಬಾಯಿಂದ ಬಂತು.

ಹತ್ತೀಯ ಹೊಲದಾಗ ಹೆಜ್ಜಿ ಯಾಕ ಮೂಡ್ಯಾವ

ಅಷ್ಟು ಹಾಡಿ ನಿಲ್ಲಿಸಿದಳು. ಕೈ ನಿಲ್ಲಲಿಲ್ಲ. ಮುಗಿಯಿತೆಂದು ಯಾರೋ ಚಪ್ಪಾಳೆಗೆ ಕೈ ಎತ್ತಿದರು, ಮುದುಕ ತಲೆಯಾಡಿಸಿ ತಡೆದ. ಖಾಲಿ ಸುತ್ತುಗಳನ್ನೂ ಅವನು ಅದೇ ಜತನದಿಂದ ಸುತ್ತುತ್ತಿದ್ದ. ಇನ್ನೊಂದು ಸಾಲಿನಷ್ಟು ಹೊತ್ತು ಕಳೆದ ಮೇಲೆ ಅವಳು ಮತ್ತೆ ಎತ್ತಿಕೊಂಡಳು.

ಕಟ್ಟೀದ ಆಕಳ ಕಿವಿ ಯಾಕ ನಿಗರ್ಯಾವ

ಮತ್ತೆ ಖಾಲಿ. ಆ ಜಾಗ ಯಾರದೆಂದು ನನಗೆ ಆಗ ಗೊತ್ತಾಯಿತು. ದೊಡ್ಡವ್ವ ಬರೀ ಕೇಳುವ ಸಾಲು ಹಾಡುತ್ತಿದ್ದಳು. ಹೇಳುವ ಸಾಲು ನನ್ನ ಅವ್ವನದು. ಆ ಊರಿನಲ್ಲಿ, ಅಷ್ಟು ಜನ ಅಪರಿಚಿತರ ನಡುವೆ, ನಾನು ಬಿಕ್ಕಿ ಬಿಕ್ಕಿ ಅತ್ತೆ.

ಕಾರಿನಲ್ಲಿ ಬರುವಾಗ ಉತ್ತರದ ಸಾಲನ್ನೂ ಹಾಡು ಎಂದು ಅವಳನ್ನು ಪೀಡಿಸಿದೆ. ಕೇಳುವ ಸಾಲು ಎಷ್ಟಿದ್ದರೂ ಉತ್ತರ ಒಂದೇ, ಅದು ತನಗೆ ಗೊತ್ತು, ಆದರೆ ಹಾಡುವುದಿಲ್ಲ ಎಂದಳು. ನನಗೆ ಸಿಟ್ಟು ಬಂತು. ಹೊಲಮನೆ ಪಾಲಾಗುವುದನ್ನು ಕೇಳಿದ್ದೇನೆ, ಹಾಡನ್ನೂ ಪಾಲು ಮಾಡಿಕೊಂಡು ಕೂರುವ ಇವಳೆಂಥ ಹೆಂಗಸು ಎನಿಸಿತು. ಜಗತ್ತನ್ನೆಲ್ಲ ಪ್ರಶ್ನೆ ಕೇಳುವವಳು ನನ್ನ ಒಂದು ಪ್ರಶ್ನೆಗೆ ಉತ್ತರ ಕೊಡಬಾರದೇ ಎಂದೆ. ಅವಳು ಕಿಟಕಿಯ ಹೊರಗಿನ ಕಲ್ಲಿನ ಗೋಡೆಗಳ ಕಡೆ ಮುಖ ಮಾಡಿಕೊಂಡೇ ಹೇಳಿದಳು:

"ಅದರಾಗ 'ನನ್ನಕ್ಕ' ಅಂತ ಬರ್ತೈತವ್ವ. ನನ್ನ ನಾನ ಅಕ್ಕ ಅಂತ ಕರ್ಕೊಳ್ಳಲೇನು?"

ಮತ್ತೆ ನಾನು ಒತ್ತಾಯಿಸಲಿಲ್ಲ. ಶಹಾಪುರಕ್ಕೆ ಮರಳಿದ ಮೇಲೆ ಅವಳು ಓಣಿಯವರಿಗೆಲ್ಲ ಐರ್ಲೆಂಡಿನ ವರ್ತಮಾನ ಹೇಳಿದಳಂತೆ: ಅಲ್ಲಿಯ ಸಿಂದಿ ಅಂಗಡಿಯಲ್ಲಿ ಚಹಾ ಚೆನ್ನಾಗಿರುತ್ತದೆ, ಅಲ್ಲಿಯ ಮಂದಿಯೂ ಬೀಸುತ್ತಾರೆ, ಆದರೆ ಹಿಟ್ಟು ಬೀಳುವುದಿಲ್ಲ. ಫೋನ್ ಮಾಡಿದಾಗಲೆಲ್ಲ ಆ ಟೋಪಿ ಮುದುಕ ಅರಾಮ ಇದ್ದಾನೇನು ಎಂದು ಕೇಳುತ್ತಿದ್ದಳು. ನಾನು ಹೌದೆನ್ನುತ್ತಿದ್ದೆ, ನನಗೇನೂ ಗೊತ್ತಿರಲಿಲ್ಲ.

ಕಳೆದ ಬೇಸಿಗೆಯಲ್ಲಿ ದೊಡ್ಡವ್ವ ಹಾಸಿಗೆ ಹಿಡಿದಳು. ನಾನು ಮಗಳನ್ನು ಕಟ್ಟಿಕೊಂಡು ಊರಿಗೆ ಬಂದೆ. ಯಾದಗಿರಿಯ ದವಾಖಾನೆಯವರು ಮನೆಗೆ ಕರೆದೊಯ್ಯಿರಿ ಎಂದಿದ್ದರು. ಅದರ ಅರ್ಥ ಬಿಡಿಸಿ ಹೇಳುವುದು ಬೇಡವಾಗಿತ್ತು, ನಾನೂ ಎಷ್ಟೋ ಮನೆಯವರಿಗೆ ಹಾಗೇ ಹೇಳಿದವಳು. ಅವಳು ಮಾತು ಬಿಟ್ಟಿದ್ದಳು. ನನ್ನನ್ನು ಕಂಡು ಒಂದೂ ಪ್ರಶ್ನೆ ಕೇಳಲಿಲ್ಲ. ಅದಕ್ಕೇ ನನಗೆ ಹೆಚ್ಚು ಭಯವಾಯಿತು.

ಒಂದು ಮಧ್ಯಾಹ್ನ ಪಕ್ಕದಲ್ಲಿ ಕೂತು ಅವಳ ಬಲಗೈ ಹಿಡಿದೆ. ಜಡ್ಡು ಮೆತ್ತಗಾಗಿತ್ತು. ಏನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ ನಾನು ಆ ಕೈಯನ್ನು ತಿರುಗಿಸುತ್ತಿದ್ದೆ, ನಿಧಾನವಾಗಿ, ನುಚ್ಚು ಬೀಳದ ಹಾಗೆ. ಹತ್ತೀಯ ಹೊಲದಾಗ ಹೆಜ್ಜಿ ಯಾಕ ಮೂಡ್ಯಾವ ಎಂದು ಹಾಡಿದೆ. ಉತ್ತರದ ಜಾಗ ಖಾಲಿ ಹೋಯಿತು. ಆ ಮುದುಕ ಮಾಡಿದ ಹಾಗೆ ಖಾಲಿಯನ್ನೂ ಸುತ್ತಿದೆ. ಕಟ್ಟೀದ ಆಕಳ ಕಿವಿ ಯಾಕ ನಿಗರ್ಯಾವ ಎಂದೆ. ದೊಡ್ಡವ್ವ ಕಣ್ಣು ತೆರೆಯಲಿಲ್ಲ. ತುಟಿ ಅಲುಗಿತು. ಅವಳದಲ್ಲದ, ಎಳೆಯ, ಸ್ವಲ್ಪ ಮೂಗಿನ ದನಿ ಹೊರಬಂತು.

ತವರವರು ನಡೆದು ಬರತಾರ, ನನ್ನಕ್ಕ,
ಕಲ್ಲ ನಿಲಿಸಿ ಕಿವಿಗೊಡ

ನನ್ನ ಅವ್ವ ಹೀಗೆ ಹಾಡುತ್ತಿದ್ದಳು. ಅಂತೆ ಅಲ್ಲ, ನಾನೇ ಕೇಳಿದೆ.

ಇನ್ನೊಂದು ಸುತ್ತು ತಿರುಗಿಸಲು ಹೋದರೆ ದೊಡ್ಡವ್ವನ ಬೆರಳು ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದು ನಿಲ್ಲಿಸಿದವು. ಅವಳು ಮುಖವನ್ನು ಬಾಗಿಲ ಕಡೆ ತಿರುಗಿಸಿ ಕಿವಿಗೊಟ್ಟು ಮಲಗಿದಳು.