ತುಟಿಗಳ ನಡುವಿನ ಹುಲ್ಲು

ನಮ್ಮ ಚಿಕ್ಕಮ್ಮನಿಗೆ ಬೀದಿಯವರು ಇಟ್ಟ ಹೆಸರು ರೇಡಿಯೋ. ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು, ಜಿಪ್ ಬದಲಿಸಲು ಅವಳ ಅಂಗಡಿಗೆ ಹೋದವರು ಬಟ್ಟೆಯ ಜೊತೆಗೆ ಊರಿನ ಸುದ್ದಿಯನ್ನೂ ಹೊತ್ತುಕೊಂಡು ಬರುತ್ತಿದ್ದರು. ಹೊಲಿಗೆ ಮಿಷನ್ ನಿಂತರೂ ಅವಳ ಬಾಯಿ ನಿಲ್ಲುತ್ತಿರಲಿಲ್ಲ. ಇಂಥವಳು ಮದುವೆಯಾಗಿ ಹೋಗಿದ್ದು ತುಟಿ ಪಿಟಕ್ಕೆನ್ನದ ಅತ್ತೆಯ ಮನೆಗೆ. ದೇವರಿಗೂ ಆಗಾಗ ತಮಾಷೆ ಬೇಕಾಗುತ್ತದೋ ಏನೋ.

ಆ ಅತ್ತೆಗೆ ಹುಲ್ಲಿನ ಕಸೂತಿ ಬರುತ್ತಿತ್ತು. ಚಿನ್ನದ ದಾರ ಕೊಳ್ಳಲಾಗದ ಹೆಂಗಸರು ಗೋಧಿಹುಲ್ಲನ್ನೇ ದಾರ ಮಾಡಿಕೊಂಡ ಹಳೆಯ ಕಾಲದ ಕೆಲಸ ಅದು. ಗೆಣ್ಣು ಕತ್ತರಿಸಿದ ಕಡ್ಡಿಯನ್ನು ನೆನೆಸಬೇಕು, ಉದ್ದಕ್ಕೆ ಸೀಳಬೇಕು, ಒಳಗಿನ ಬಿಳಿ ತಿರುಳನ್ನು ಮೊಂಡು ಚಾಕುವಿನಿಂದ ಹೆರೆಯಬೇಕು. ಉಳಿಯುವ ಹೊಳಪಿನ ಎಳೆಯನ್ನು ಕಪ್ಪು ನೆಟ್ ಬಟ್ಟೆಯ ಕಣ್ಣುಗಳಲ್ಲಿ ಹಾಯಿಸಿ ಹೂವು, ಎಲೆ, ತೆನೆ ಮೂಡಿಸಬೇಕು. ದೀಪದ ಬೆಳಕಿಗೆ ಹಿಡಿದರೆ ಬಂಗಾರವೇ ಅನ್ನಬೇಕು. ನಮ್ಮ ಕಡೆ ಅದನ್ನು ಬಲ್ಲವರು ಆಕೆಯೊಬ್ಬರೇ ಉಳಿದಿದ್ದರು. ಚಿಕ್ಕಮ್ಮನಿಗೆ ಕಲಿಯುವ ಹುಚ್ಚು ಹಿಡಿಯಿತು. ಜೀವನಪೂರ್ತಿ ಜಿಪ್ ಹೊಲಿದುಕೊಂಡೇ ಇರಬೇಕಾ ಅನ್ನುವುದು ಅವಳ ವಾದ.

ಅತ್ತೆ ಬೇಡ ಅನ್ನಲಿಲ್ಲ. ಮಹಡಿಯ ಕಿಟಕಿಯ ಬಳಿ ಇನ್ನೊಂದು ಕುರ್ಚಿ ಹಾಕಿದರು. ಒಂದೇ ಕಾಲರ್ ತೆಗೆದುಕೊಂಡು, ಎಡಗಡೆ ತಾವು ಹೊಲಿದು ತೋರಿಸಿ, ಬಲಗಡೆಯನ್ನು ಇವಳಿಗೆ ಬಿಟ್ಟರು. ಆದರೆ ಕೂತ ತಕ್ಷಣ ಒಂದಿಷ್ಟು ಹುಲ್ಲೆಳೆಗಳನ್ನು ತುಟಿಗಳ ನಡುವೆ ಹಿಡಿದುಕೊಂಡುಬಿಡುತ್ತಿದ್ದರು. ಚಿಕ್ಕಮ್ಮ ಏನು ಕೇಳಿದರೂ "ಹ್ಞೂಂ", ಇಲ್ಲವೇ "ಊಹ್ಞೂಂ". ತಪ್ಪಾದರೆ ಕೈ ಹಿಡಿದು ಸೂಜಿಯನ್ನು ಹಿಂದಕ್ಕೆ ತೆಗೆಸುತ್ತಿದ್ದರು, ಅಷ್ಟೇ.

"ನನ್ನ ಜೊತೆ ಮಾತಾಡಬಾರದು ಅಂತಾನೇ ಬಾಯಿಗೆ ಹುಲ್ಲು ತುರುಕ್ಕೊಳ್ತಾರೆ ಅಕ್ಕಾ," ಎಂದು ನಮ್ಮಮ್ಮನ ಹತ್ತಿರ ಬಂದು ಅಳುತ್ತಿದ್ದಳು. "ಹಸು ಮುಂದೆ ಕೂತ್ರೂ ಒಂದ್ಸಲ ಅಂಬಾ ಅನ್ನುತ್ತೆ!"

ನನಗಾಗ ಹೊಟ್ಟೆ ಹುಣ್ಣಾಗುವಷ್ಟು ನಗು. ಈಗ ಬರುವುದಿಲ್ಲ.

ಕೊನೆಗೆ ಚಿಕ್ಕಮ್ಮ ತನ್ನದೇ ಉಪಾಯ ಹೂಡಿದಳು. ಎಳೆಗಳನ್ನು ಅತ್ತೆಯ ಹಾಗೆ ಬಾಯಲ್ಲಿ ಹಿಡಿಯದೆ, ನೀರಿನ ಬಟ್ಟಲಿಗೆ ಹಾಕಿಟ್ಟುಕೊಂಡು ಮಾತು ಶುರುಮಾಡಿದಳು. ಅತ್ತೆ ಬೇಡವೆಂದು ತಲೆಯಾಡಿಸಿ ಬಟ್ಟಲನ್ನು ಪಕ್ಕಕ್ಕೆ ಸರಿಸಿದರು. ಇವಳು ಮತ್ತೆ ಎಳೆದುಕೊಂಡಳು. ಅವರು ಮತ್ತೆ ಸರಿಸಿದರು. ನನ್ನ ಮಾತೇ ಇವರಿಗೆ ಬೇಡ ಅನ್ನುವುದು ಚಿಕ್ಕಮ್ಮನ ತಲೆಯಲ್ಲಿ ಗಟ್ಟಿಯಾಗಿ ಕೂತಿತು. ಅತ್ತೆಯಾದರೂ ಹುಲ್ಲು ತೆಗೆದು ಒಂದು ಮಾತು ಬಿಡಿಸಿ ಹೇಳಬಾರದಿತ್ತೇ? ಇಬ್ಬರ ಮೇಲೂ ನನಗೆ ಇವತ್ತಿಗೂ ಸಿಟ್ಟಿದೆ. ಚಿಕ್ಕಮ್ಮ ಮಹಡಿ ಹತ್ತುವುದನ್ನೇ ಬಿಟ್ಟಳು. ಒಂದೇ ಮನೆ, ಒಂದೇ ಒಲೆ, ಆದರೂ ಉಪ್ಪು ಕೊಡು, ಬಾಗಿಲು ಹಾಕು ಅನ್ನುವಷ್ಟಕ್ಕೆ ಮಾತು ನಿಂತಿತು. ಹಾಗೇ ವರ್ಷಗಳು ಉರುಳಿದವು.

ಮೊನ್ನೆ ಚಿಕ್ಕಮ್ಮನ ಮನೆಗೆ ಬಣ್ಣ ಹೊಡೆಸುವಾಗ ನಾನೂ ಅಲ್ಲಿದ್ದೆ. ಪೆಟ್ಟಿಗೆಯಿಂದ ಆ ಕಾಲರ್ ಹೊರಬಂತು. ಇವಳು ಹೊಲಿದ ಕಡೆ ಎಳೆಗಳೆಲ್ಲ ಸೊರಗಿ ಜೋಲುತ್ತಿದ್ದವು. ಅತ್ತೆಯ ಕಡೆ ಒಂದೂ ಅಲುಗಿರಲಿಲ್ಲ. ಗಂಟೆಗಟ್ಟಲೆ ಬಟ್ಟಲಿನಲ್ಲಿ ಬಿದ್ದ ಹುಲ್ಲು ನೀರು ಕುಡಿದು ಉಬ್ಬುತ್ತದೆ, ಹೊಲಿದ ಮೇಲೆ ಒಣಗಿ ಕುಗ್ಗುತ್ತದೆ. ತುಟಿಯ ತೇವದಲ್ಲಿ ಅದು ಬಾಗುತ್ತದೆಯೇ ಹೊರತು ಉಬ್ಬುವುದಿಲ್ಲ. ಇಷ್ಟು ವರ್ಷ ಬಟ್ಟೆಯ ಜೊತೆ ಬದುಕಿದವಳಿಗೆ ಇದನ್ನು ಯಾರೂ ವಿವರಿಸಬೇಕಾಗಲಿಲ್ಲ.

"ಅದು ನನ್ನ ಮೇಲಿನ ಸಿಟ್ಟಲ್ಲ, ಕೆಲಸಾನೇ ಹಾಗೆ," ಎಂದಳು.

ಕಾಲರ್ ಹಿಡಿದುಕೊಂಡು ಮಹಡಿಗೆ ಓಡಿದಳು. ನಾನೂ ಹಿಂದೆಯೇ ಹೋದೆ. ಅತ್ತೆಗೆ ಈಗ ಕಿವಿ ಪೂರ್ತಿ ಹೋಗಿದೆ. ಕಾಲರಿನ ಎರಡೂ ಕಡೆ ತೋರಿಸಿ, ತನ್ನ ತುಟಿ ಮುಟ್ಟಿ, ತಲೆ ಚಚ್ಚಿಕೊಂಡು, ಅವರ ಕೈ ಹಿಡಿದುಕೊಂಡಳು. ಅವರಿಗೆ ಅರ್ಥವಾಯಿತು. ಕಿವಿ ಕೇಳದವರ ದೊಡ್ಡ ದನಿಯಲ್ಲಿ ಹೇಳಿದರು:

"ನೀನು ಏನೇನೋ ಹೇಳ್ತಿದ್ದೆ. ಪೋಸ್ಟ್‌ಮ್ಯಾನ್ ಸುದ್ದಿ, ಎದುರುಮನೆ ಜಗಳ... ಕೇಳ್ತಾ ಕೇಳ್ತಾ ಕೈ ತಾನಾಗೇ ಓಡ್ತಿತ್ತು. ನೀನು ಬರೋದು ಬಿಟ್ಟ ಮೇಲೆ ನನಗೂ ಸೂಜಿ ಹಿಡಿಯೋಕೆ ಮನಸ್ಸಾಗಲಿಲ್ಲ."

ಚಿಕ್ಕಮ್ಮ ಅವರ ಕೈಯಲ್ಲಿ ಮುಖ ಹುದುಗಿಸಿದಳು. ನಾನು ಕಿಟಕಿಯ ಕಡೆ ತಿರುಗಿಕೊಂಡೆ.

ಮಾರನೆಯ ಮಧ್ಯಾಹ್ನ ಅಂಗಡಿ ಮುಚ್ಚಿ ಹೊಸ ಹುಲ್ಲು ಸೀಳಿಕೊಂಡು ಮಹಡಿಗೆ ಹೋದಳು. ಈ ಸಲ ಎಳೆಗಳನ್ನು ತುಟಿಗಳ ನಡುವೆ ಹಿಡಿದು, ಸದ್ದಿಲ್ಲದೆ ಹೊಲಿದಳು. ಒಂದು ಎಲೆ ಮೂಡಿತು, ಬಿಗಿಯಾಗಿ, ಎಲ್ಲೂ ಕುಂದಿಲ್ಲದೆ. ಅತ್ತೆ ಎಲೆಯನ್ನು ನೋಡಲೇ ಇಲ್ಲ. ಇವಳ ಮುಖವನ್ನೇ ನೋಡುತ್ತಿದ್ದರು.

"ಏನಾದ್ರೂ ಮಾತಾಡೇ," ಅಂದರು. "ಕೇಳಿಸಲ್ಲ, ನಿಜ. ಬಾಯಿ ಆಡೋದಾದ್ರೂ ನೋಡ್ತೀನಿ."

ಚಿಕ್ಕಮ್ಮ ಎಳೆಗಳನ್ನು ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. ಬಿಸ್ಕತ್ತಿನಂಗಡಿಯವನ ಕಥೆ ಎತ್ತಿಕೊಂಡು, ಕಣ್ಣೊರೆಸಿಕೊಳ್ಳುತ್ತಾ, ಒಂದೊಂದು ಮಾತಿಗೂ ತುಟಿಯನ್ನು ದೊಡ್ಡದಾಗಿ ಬಿಚ್ಚಿ ಹೇಳತೊಡಗಿದಳು. ಮಡಿಲಲ್ಲಿದ್ದ ಹುಲ್ಲು ಒಣಗಿ ಸಿಬಿರೆದ್ದಿತು.

ದಿನಾ ಮಧ್ಯಾಹ್ನ ಈಗ ಹೀಗೇ. ಎರಡನೆಯ ಎಲೆಯನ್ನು ಅವಳು ಇನ್ನೂ ಹೊಲಿದಿಲ್ಲ.