ಸೋರುವ ತಗಡಿಗೆ ಮದುವೆ ಚಪ್ಪರ

ರಾಯಪುರಂನ ಆಸ್ಪತ್ರೆಯೊಂದರ ಹಿಂದೆ, ರೋಗಿಗಳ ಕಡೆಯವರಿಗೆ ಪುಕ್ಕಟೆ ಊಟ ಹಾಕುತ್ತಿದ್ದ ಕುಂದಾಪುರದ ಹೋಟೆಲಿನವರೊಬ್ಬರಿದ್ದರು. ಯಾರು ಏನು ಮಾತೆತ್ತಿದರೂ "ಮೊದಲು ಊಟ ಮಾಡಿ ಮಾರಾಯ್ರೆ" ಎನ್ನುತ್ತಿದ್ದರು. ಮಾತಾಡುವಾಗ ಅವರ ಕಣ್ಣು ನಮ್ಮ ಮುಖದ ಮೇಲಲ್ಲ, ಎಲೆಯ ಮೇಲಿರುತ್ತಿತ್ತು.

ಊಟದ ಶೆಡ್ಡಿನ ತಗಡು ಸೋರುತ್ತಿತ್ತು. ಹೊಸ ಚಾವಣಿಗೆ ನೆರವು ಕೇಳಿ ಒಂದು ಖಾಸಗಿ ಪ್ರತಿಷ್ಠಾನಕ್ಕೆ ನಾನೇ ಅರ್ಜಿ ಬರೆದುಕೊಟ್ಟೆ. ಅಲ್ಲಿನ ದುರವಸ್ಥೆಯನ್ನು ಕರುಳು ಕಿವುಚುವಂತೆ ವರ್ಣಿಸಿದ್ದೆ. ಪರಿಶೀಲನೆಗೆ ಪ್ರತಿಷ್ಠಾನದ ಕಡೆಯವರು ಬರುವ ದಿನ ಹೋಗಿ ನೋಡಿದರೆ, ಹೋಟೆಲಿನವರು ತಗಡು ಕಾಣದಂತೆ ಮದುವೆ ಚಪ್ಪರದ ಜರಿ ಬಟ್ಟೆ ಕಟ್ಟಿಸಿದ್ದಾರೆ! ಬಾಗಿಲಿಗೆ ಮಾವಿನ ತೋರಣ, ಕೋಯಂಬೇಡು ಮಾರುಕಟ್ಟೆಯಿಂದ ತರಿಸಿದ ಕುಡಿ ಬಾಳೆಎಲೆ, ಎರಡು ಬಗೆಯ ಪಾಯಸ.

"ಅವರು ನೋಡಬೇಕಾದ್ದೇ ಆ ತೂತುಗಳನ್ನು!" ಎಂದು ರೇಗಿದೆ.

"ಊಟಕ್ಕೆ ಕೂತವರಿಗೆ ತೂತು ತೋರಿಸುವುದಾ? ಮರ್ಯಾದೆ ಬೇಡ್ವಾ?"

ಬಂದವರು ಚಪ್ಪರಿಸಿಕೊಂಡು ಉಂಡು ಹೋದರು. ಆಮೇಲೆ ನನಗೆ ಫೋನ್ ಬಂತು: ಹೆಚ್ಚು ಕಷ್ಟದಲ್ಲಿರುವವರು ಬೇರೆ ಇದ್ದಾರಂತೆ, ಇಲ್ಲಿ ಅಂಥ ಕೊರತೆಯೇನೂ ಕಾಣಲಿಲ್ಲವಂತೆ. ಹೇಗೆ ಹೇಳುವುದೆಂದು ಒದ್ದಾಡಿ ಕೊನೆಗೆ ಹೋಟೆಲಿನವರಿಗೆ ಹೇಳಿಬಿಟ್ಟೆ.

ಅವರು ಮೇಜಿಗೆ ಬಿದ್ದ ಮಳೆಹನಿಯನ್ನು ಹೆಗಲ ಮೇಲಿನ ಬೈರಾಸಿನಿಂದ ಒರೆಸುತ್ತಾ ಕೇಳಿದರು: "ಅದಿರ್ಲಿ, ಪಾಯಸ ಹೇಗಿತ್ತಂತೆ?"